ಶಿಕ್ಷೆಗೆ ಮುಯ್ಯಾಳು

ಕೋರ್ಟ್ ವರದಿಗಾರನ ಕೆಲಸದ ಬಹುಪಾಲು ಬೆಂಚಿನ ಮೇಲೆ ಕೂರುವುದು. ನಾನು ಕೆಲಸಕ್ಕೆ ಸೇರುವಾಗ ಇದನ್ನು ಯಾರೂ ಹೇಳಿರಲಿಲ್ಲ. ಆದ್ದರಿಂದ ಈಗ ಸೇರುತ್ತಿರುವವರಿಗೆ ನಾನು ಹೇಳುತ್ತಿದ್ದೇನೆ. ಚನ್ನಗಿರಿ, ಹೊನ್ನಾಳಿ, ಜಗಳೂರು ಈ ಮೂರೂ ಕಡೆಯ ಕೋರ್ಟುಗಳ ಹೊರಗಿನ ಬೆಂಚುಗಳಲ್ಲಿ ಯಾವುದು ಅಲುಗಾಡುತ್ತದೆ, ಯಾವುದಕ್ಕೆ ಮಧ್ಯಾಹ್ನದ ಮೇಲೆ ಬಿಸಿಲು ಬೀಳುತ್ತದೆ ಎಂದು ನನಗೆ ಗೊತ್ತು. ನ್ಯಾಮತಿ ತಾಲ್ಲೂಕಾದ ಮೇಲೂ ಅಲ್ಲಿನ ಪ್ರಕರಣಗಳನ್ನು ನಾನು ನೋಡಿದ್ದು ಹೆಚ್ಚಾಗಿ ಹೊನ್ನಾಳಿಯಲ್ಲೇ. ಮೂವತ್ತಕ್ಕೂ ಹೆಚ್ಚು ವರ್ಷ ಹೀಗೆ ಕೂತು, ಹೋದ ವರ್ಷ ಎದ್ದೆ.

ನಮ್ಮ ಪತ್ರಿಕೆ ದಾವಣಗೆರೆಯಲ್ಲಿ ಅಚ್ಚಾಗುತ್ತಿತ್ತು. ಮೊದಲ ವರ್ಷಗಳಲ್ಲಿ ಸುದ್ದಿಯನ್ನು ಕೈಯಲ್ಲಿ ಬರೆದು, ಕವರಿಗೆ ಹಾಕಿ, ಸಂಜೆಯ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದೆ. ಕೋರ್ಟಿನಿಂದ ಬಸ್ ನಿಲ್ದಾಣಕ್ಕೆ ನಡೆಯುವಷ್ಟರಲ್ಲಿ ಬರೆದದ್ದನ್ನು ಮತ್ತೊಮ್ಮೆ ಯೋಚಿಸಲು ಸಮಯ ಸಿಗುತ್ತಿತ್ತು. ಎಷ್ಟೋ ಸಲ ಬಸ್ಸಿನ ಪಕ್ಕದಲ್ಲೇ ಕವರ್ ಹರಿದು ಒಂದು ಸಾಲು ಹೊಡೆದುಹಾಕಿದ್ದೇನೆ. ಆಮೇಲೆ ಫ್ಯಾಕ್ಸ್ ಬಂತು, ಮೊಬೈಲ್ ಬಂತು, ಕೊನೆಗೆ ಬೆರಳ ತುದಿಯಲ್ಲೇ ಎಲ್ಲ ಹೋಗತೊಡಗಿತು. ಅನುಕೂಲವಾಯಿತು, ಇಲ್ಲ ಅನ್ನುವುದಿಲ್ಲ. ಆದರೆ ಆ ನಡಿಗೆ ಹೋಯಿತು.

ನನಗೆ ಕೆಲಸ ಕಲಿಸಿದವರು ಸುದ್ದಿ ಸಂಪಾದಕ ಶಿವಲಿಂಗಪ್ಪನವರು. ಹೊಗಳಿದ್ದು ನೆನಪಿಲ್ಲ. ಸುದ್ದಿ ತಲುಪಿದ ಕೂಡಲೇ ಫೋನ್ ಮಾಡುತ್ತಿದ್ದರು.

"ಆರೋಪಿ ಏನಂದ?"

"ಏನೂ ಅನ್ನಲಿಲ್ಲ ಸಾರ್."

"ಕೇಳಿದ್ಯಾ?"

"ಇಲ್ಲ ಸಾರ್."

"ಕೇಳ್ದೆ ಇದ್ದೋನು ಅವನು ಏನೂ ಅನ್ನಲಿಲ್ಲ ಅಂತ ಹೆಂಗೆ ಹೇಳ್ತೀಯೋ?"

ಆ ದಿನದಿಂದ, ಸುದ್ದಿಯಲ್ಲಿ ಯಾರ ಮೇಲೆ ಮಾತು ಬರುತ್ತದೋ ಅವರನ್ನು ಕೇಳದೆ ಕಳಿಸುವುದನ್ನು ಬಿಟ್ಟೆ. ಇದರಿಂದ ಎಷ್ಟೋ ಸುದ್ದಿಗಳು ಒಂದು ದಿನ ತಡವಾದವು. ಕೆಲವು ಬೇರೆ ಪತ್ರಿಕೆಗಳಲ್ಲಿ ಮೊದಲು ಬಂದವು.

ಜೈಲಿನ ಬಗ್ಗೆ ನನಗೆ ಮೊದಲ ಪಾಠ ಹೇಳಿದವನು ಕತ್ತಲಗೆರೆ ಕಡೆಯ ಒಬ್ಬ ಸೈಕಲ್ ರಿಪೇರಿಯವನು. ಯಾರದೋ ಸೈಕಲ್ಲಿನ ಒಂದು ಚಕ್ರ ಬಿಚ್ಚಿ ಮಾರಿದ್ದ. ಚನ್ನಗಿರಿಯಲ್ಲಿ ವಿಚಾರಣೆ ನಡೆದು ಒಂದು ತಿಂಗಳ ಸೆರೆವಾಸವಾಯಿತು. ನಾನು ಎರಡು ಸಾಲು ಬರೆದೆ. ಹೆಸರು, ಊರು, ಶಿಕ್ಷೆ. ತಪ್ಪೇನೂ ಇರಲಿಲ್ಲ. ಅವನು ಹೊರಬಂದ ಮೇಲೆ ಒಂದು ದಿನ ಕೋರ್ಟಿನ ಬೆಂಚಿನ ಹತ್ತಿರ ಬಂದು ನಿಂತ.

"ಸಾರ್, ಜೈಲಿಗೆ ಹೋದದ್ದು ಬರೆದ್ರಿ. ಬಂದದ್ದೂ ಬರೀರಿ."

ಬಿಡುಗಡೆಯಾಗಿ ಬರುವುದು ನಮ್ಮಲ್ಲಿ ಸುದ್ದಿಯಲ್ಲ ಎಂದು ವಿವರಿಸಲು ನೋಡಿದೆ. ಅವನಿಗೆ ಅದು ಅರ್ಥವಾಗಲಿಲ್ಲ. ಈಗ ಯೋಚಿಸಿದರೆ ನನಗೂ ಆಗುತ್ತಿಲ್ಲ. ಊರಲ್ಲಿ ಅವನ ಅಂಗಡಿಗೆ ಯಾರೂ ಸೈಕಲ್ ಬಿಡುತ್ತಿರಲಿಲ್ಲವಂತೆ. ಚಕ್ರದ ಬೆಲೆಗೆ ತಿಂಗಳ ಶಿಕ್ಷೆ ಮುಗಿದಿತ್ತು. ಆಮೇಲಿನದು ಮುಗಿಯಲಿಲ್ಲ. ಅವನು ಶಿವಮೊಗ್ಗದ ಕಡೆ ಹೋದನೆಂದು ಕೇಳಿದೆ. ಅಷ್ಟೇ ಗೊತ್ತು.

ಆದ್ದರಿಂದ ಹೊಸ ದಂಡ ಸಂಹಿತೆಯಲ್ಲಿ ಸಣ್ಣ ಅಪರಾಧಗಳಿಗೆ ಸಮುದಾಯ ಸೇವೆ ಎಂಬ ಶಿಕ್ಷೆ ಬಂದಾಗ ನಾನು ಕುತೂಹಲದಿಂದಿದ್ದೆ. ಜೈಲಿಗೆ ಕಳಿಸುವ ಬದಲು ಊರಿಗೆ ಉಪಯೋಗವಾಗುವ ಕೆಲಸ ಮಾಡಿಸುವುದು, ಕೂಲಿ ಇಲ್ಲ. ವಕೀಲರ ಕೋಣೆಯಲ್ಲಿ ಅದಕ್ಕೆ 'ಕಸ ಹೊಡೆಯೋ ಶಿಕ್ಷೆ' ಎಂಬ ಹೆಸರು ಬಿತ್ತು. ಹಿರಿಯ ವಕೀಲರೊಬ್ಬರು, "ನಮ್ಮನೇಲಿ ನಾನು ಮದುವೆ ಆದಾಗಿಂದ ಇದೇ ಶಿಕ್ಷೆ ಅನುಭವಿಸ್ತಾ ಇದೀನಿ, ಯಾವ ಕಲಮಿನಡಿ ಅಂತ ಈಗ ಗೊತ್ತಾಯ್ತು" ಅಂದರು.

ನಾನು ನೋಡಿದ ಮೊದಲ ಪ್ರಕರಣವನ್ನು ಕೆಡಿಸಿದವನು ನಾನೇ. ಹೊನ್ನಾಳಿಯಲ್ಲಿ ಒಬ್ಬಾತ ಕುಡಿದು ಸಾರ್ವಜನಿಕವಾಗಿ ಕೂಗಾಡಿದ್ದಕ್ಕೆ, ಹೊಳೆಯ ಮೆಟ್ಟಿಲುಗಳನ್ನು ಕೆಲವು ದಿನ ಗುಡಿಸಬೇಕೆಂದು ಆದೇಶವಾಯಿತು. ಹೊಸ ವಿಷಯ. ಎರಡನೆಯ ದಿನವೇ ಹೋಗಿ ಅವನು ಬಗ್ಗಿ ಗುಡಿಸುತ್ತಿರುವ ಫೋಟೋ ತೆಗೆದೆ, ಹೆಸರು ಹಾಕಿ ಕಳಿಸಿದೆ. ಪತ್ರಿಕೆಯಿಂದ ಅದು ಮೊಬೈಲುಗಳಿಗೆ ಹೋಯಿತು. ಮೂರನೆಯ ದಿನ ಮೆಟ್ಟಿಲ ಮೇಲೆ ಜನ ನೆರೆದರು. ಆತ ಮುಖಕ್ಕೆ ಟವೆಲ್ ಸುತ್ತಿಕೊಂಡು ಗುಡಿಸಿದ. ನಾಲ್ಕನೆಯ ದಿನ ಬರಲಿಲ್ಲ. ಪೊಲೀಸರು ಕರೆತಂದರು. ಆತನ ಹೆಂಡತಿ ನನ್ನನ್ನು ಹುಡುಕಿಕೊಂಡು ಬಂದಳು.

"ಅವ್ರು ಕುಡ್ದಿದ್ದು ಒಂದಿನ ಸಾರ್. ನಿಮ್ ಫೋಟೋ ದಿನಾ ಓಡಾಡ್ತೈತೆ."

ನ್ಯಾಯಾಲಯ ಅವನಿಗೆ ಗುಡಿಸುವ ಶಿಕ್ಷೆ ಕೊಟ್ಟಿತ್ತು. ಅವಮಾನದ ಶಿಕ್ಷೆಯನ್ನು ಸೇರಿಸಿದವನು ನಾನು. ಅಂದಿನಿಂದ ಸಮುದಾಯ ಸೇವೆಯ ಸುದ್ದಿಯಲ್ಲಿ ಹೆಸರು ಹಾಕುವುದನ್ನೂ ಫೋಟೋ ತೆಗೆಯುವುದನ್ನೂ ಬಿಟ್ಟೆ. ಆದರೆ ಕೆಲಸ ನಡೆಯುವ ಜಾಗಕ್ಕೆ ಹೋಗಿ ನೋಡುವುದನ್ನು ಬಿಡಲಿಲ್ಲ. ಆದೇಶದಲ್ಲಿ ಬರೆದದ್ದು ನೆಲದ ಮೇಲೆ ನಡೆಯುತ್ತಿದೆಯೇ ಎಂದು ಯಾರಾದರೂ ನೋಡಬೇಕಲ್ಲ.

ಹಾಗೆ ನೋಡಲು ಹೋಗಿದ್ದರಿಂದಲೇ ತಿಪ್ಪಮ್ಮನ ವಿಷಯ ಗೊತ್ತಾಯಿತು. ಇದು ಆಕೆಯ ನಿಜವಾದ ಹೆಸರಲ್ಲ. ಜಗಳೂರು ಕಡೆ ಎಂದಷ್ಟೇ ಹೇಳುತ್ತೇನೆ, ಊರಿನ ಹೆಸರೂ ಆಸ್ಪತ್ರೆಯ ಹೆಸರೂ ಬೇಡ.

ತಿಪ್ಪಮ್ಮನಿಗೆ ಐವತ್ತರ ಹತ್ತಿರದ ವಯಸ್ಸು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಸ್ವಲ್ಪ ಹೊಲ, ಅದರಲ್ಲಿ ಈರುಳ್ಳಿ. ಬೀಜದಂಗಡಿಯ ಕಟ್ಟೆಯ ಮೇಲಿಂದ ಎರಡು ಪೊಟ್ಟಣ ಈರುಳ್ಳಿ ಬೀಜ ಎತ್ತಿಕೊಂಡು ಹೋದಳೆಂದು ಕೇಸು. ಅಂಗಡಿಯ ಕ್ಯಾಮೆರಾದಲ್ಲಿ ಸಿಕ್ಕಿತ್ತು. ಪೊಟ್ಟಣಗಳನ್ನು ಒಡೆಯದೆ ಹಾಗೇ ವಾಪಸು ಕೊಟ್ಟಿದ್ದಳು.

"ಬೀಜ ತಗೊಂಡಿದ್ದು ನಿಜವೇನಮ್ಮ?" ನ್ಯಾಯಾಧೀಶರು ಕೇಳಿದರು.

"ತಗಂಡಿದ್ದು ನಿಜ ಸಾಮಿ. ಕದ್ದಿದ್ದು ಸುಳ್ಳು."

"ಹಾಗಂದ್ರೆ?"

"ಹೋದ ವರ್ಸ ಇವ್ರು ಕೊಟ್ಟ ಬೀಜ ಹುಟ್ಲಿಲ್ಲ. ಬದ್ಲಿ ಕೊಡ್ರಿ ಅಂದೆ. ಮುಂದಿನ ವಾರ ಬಾ ಅಂದ್ರು. ನಾಕ್ ಸಲ ಬಂದೆ. ಐದ್ನೇ ಸಲ ನಾನೇ ತಗಂಡೆ."

"ಅವರನ್ನ ಕೇಳಿ ತಗೊಂಡ್ಯಾ?"

"ಅವ್ರು ಅತ್ಲಾಗೆ ತಿರುಗಿದ್ರು ಸಾಮಿ."

ಕೋರ್ಟಿನಲ್ಲಿದ್ದವರು ನಕ್ಕರು. ಉಚಿತ ಕಾನೂನು ನೆರವಿನಿಂದ ಬಂದಿದ್ದ ವಕೀಲೆ ಸುಮಾ ಅವರು ಆಕೆಯ ಕಿವಿಯಲ್ಲಿ ಏನೋ ಹೇಳಿದರು. ಒಡೆಯನಿಗೆ ಹೇಳದೆ ತೆಗೆದುಕೊಂಡರೆ ಕಾನೂನಿನಲ್ಲಿ ಅದು ಕಳವೇ ಎಂದು ನ್ಯಾಯಾಧೀಶರೂ ಬಿಡಿಸಿ ಹೇಳಿದರು. "ಹಂಗಾರೆ ಹೌದು" ಅಂದಳು ತಿಪ್ಪಮ್ಮ. ಹಿಂದಿನ ವರ್ಷ ಬೀಜ ಕೆಟ್ಟಿತ್ತೋ, ನೆಲದಲ್ಲಿ ಹದ ಇರಲಿಲ್ಲವೋ ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಆಗಲೂ ಬರೆಯಲಿಲ್ಲ.

ಮೊದಲ ತಪ್ಪು, ಮಾಲಿನ ಬೆಲೆ ಕಡಿಮೆ, ಮಾಲು ವಾಪಸಾಗಿದೆ. ಆದ್ದರಿಂದ ಸಮುದಾಯ ಸೇವೆ. ಹೋಬಳಿಯ ಸರ್ಕಾರಿ ಆಸ್ಪತ್ರೆಯಲ್ಲಿ ಇಪ್ಪತ್ನಾಲ್ಕು ದಿನ, ದಿನಕ್ಕೆ ಮೂರು ಗಂಟೆ ಶುಚಿ ಕೆಲಸ. ಭಾನುವಾರ ರಜೆ. ಮುಗಿದ ಮೇಲೆ ವೈದ್ಯರು ಪ್ರಮಾಣಪತ್ರ ಕೊಡಬೇಕು. ತಪ್ಪಿದರೆ ಸಾದಾ ಸೆರೆವಾಸ.

ಹೊರಗೆ ಬಂದಾಗ ಆಕೆಯ ಮುಖ ನೋಡಿದೆ. ಶಿಕ್ಷೆ ಹಗುರವಾಯಿತೆಂಬ ನೆಮ್ಮದಿ ಇರಲಿಲ್ಲ. ಸುಮಾ ಅವರನ್ನು ಒಂದೇ ಸಮನೆ ಕೇಳುತ್ತಿದ್ದಳು.

"ಒಂದಿನ ತಪ್ಪಿದ್ರೂ ಜೈಲೇನವ್ವ?"

"ಕಾರಣ ಇಲ್ಲದೆ ತಪ್ಪಿಸಬಾರದು. ದಿನಾ ಹೋಗಿಬಿಡು, ಮುಗೀತದೆ."

"ಮಗಳು ತುಂಬಿದ ಬಸುರಿ. ಚೊಚ್ಚಲು. ನ್ಯಾಮತಿ ಕಡೀಗೆ ಕೊಟ್ಟೀವಿ, ಮೊನ್ನೆ ಕರ್ಕಂಬಂದೀನಿ. ಮನೇಲಿ ಇನ್ನೊಬ್ಬ ಹೆಣ್ಣುಮಗಳಿಲ್ಲ. ನೋವು ಬಂದ್ ದಿನ ಏನ್ ಮಾಡ್ಲಿ?"

ಸುಮಾ ಅವರು ಆಗ ನೋಡೋಣ ಎಂದು ಸಮಾಧಾನ ಹೇಳಿದರು. ಮುಂದಿನ ಪ್ರಕರಣಕ್ಕೆ ಕೂಗು ಬಂದಿತ್ತು. ತಿಪ್ಪಮ್ಮ ಮತ್ತೆ ಕೇಳಿದಳು: "ಒಟ್ಟು ಎಷ್ಟ್ ಆಳಿನ ಕೆಲಸ ಆತವ್ವ?"

"ಇಪ್ಪತ್ನಾಲ್ಕು ದಿನ."

"ಇಪ್ಪತ್ನಾಕ್ ಆಳು" ಎಂದು ತನಗೆ ತಾನೇ ಹೇಳಿಕೊಂಡು ಸೆರಗು ಸರಿಮಾಡಿಕೊಂಡು ಹೊರಟಳು. ಈ ಮಾತನ್ನು ನಾನು ಪುಸ್ತಕದಲ್ಲಿ ಬರೆದುಕೊಂಡೆ. ಅರ್ಥ ಮಾಡಿಕೊಳ್ಳಲಿಲ್ಲ.

ಸೇವೆ ಆರಂಭವಾದ ನಾಲ್ಕನೆಯ ದಿನ ಬೆಳಗ್ಗೆ ನಾನು ಆ ಆಸ್ಪತ್ರೆಗೆ ಹೋದೆ. ಹಿಂದಿನ ವಾರ ದಾರಿಯಲ್ಲಿ ನೋಡಿದ್ದಾಗ ಆವರಣದ ತುಂಬ ಸೊಂಟದೆತ್ತರ ಪಾರ್ಥೇನಿಯಂ ಇತ್ತು. ಈಗ ನೆಲ ಕಾಣುತ್ತಿತ್ತು. ಕೊನೆಯ ಮೂಲೆಯಲ್ಲಿ ಆರು ಜನ ಹೆಂಗಸರು ಸಾಲಾಗಿ ಬಗ್ಗಿ ಕಳೆ ಕೀಳುತ್ತಿದ್ದರು. ಹೊಲದಲ್ಲಿ ಕೂರುವಂತೆ ಒಬ್ಬೊಬ್ಬರು ಒಂದೊಂದು ಸಾಲು ಹಿಡಿದಿದ್ದರು. ತಿಪ್ಪಮ್ಮ ಮೂರನೆಯವಳು.

"ಇವರೆಲ್ಲ ಯಾರಮ್ಮ?"

"ನಮ್ ಮುಯ್ಯಾಳು ಸಾಮಿ." ಆಕೆಯ ಮುಖ ಕೋರ್ಟಿನಲ್ಲಿ ಕಂಡ ಮುಖವಾಗಿರಲಿಲ್ಲ, ಅರಳಿತ್ತು. "ಇವತ್ತಿಗೆ ಮುಗೀತು."

"ಏನು ಮುಗೀತು?"

"ಶಿಕ್ಷೆ. ಆರ್ ಜನ, ನಾಕ್ ದಿನ. ಇಪ್ಪತ್ನಾಕ್ ಆಳಾತು. ಇನ್ನು ಮಗಳ ಬಾಣಂತನಕ್ಕೆ ಅಡ್ಡಿಲ್ಲ."

ಸಾಲಿನ ತುದಿಯಲ್ಲಿದ್ದ ಬಸಕ್ಕ, ಗುಂಪಿನ ಹಿರಿಯಳು, ತಲೆಯೆತ್ತದೆ ಹೇಳಿದಳು: "ಒಂದಾಳು ಎಚ್ಚಿಗೇ ಮಾಡೀವಿ, ಅದನ್ನೂ ಬರ್ಕಳ್ರಿ. ನಿನ್ನೆ ನನ್ ಸೊಸೆನೂ ಬಂದಿದ್ಲು."

ಈ ಕಡೆ ಕಳೆ ತೆಗೆಯುವ ಹೊತ್ತಿನಲ್ಲಿ ಕೂಲಿಗೆ ಜನ ಕರೆಯುವುದು ಕಡಿಮೆ. ಇವತ್ತು ನಿನ್ನ ಹೊಲಕ್ಕೆ ನಾವು, ನಾಳೆ ನನ್ನ ಹೊಲಕ್ಕೆ ನೀವು. ಇದು ಮುಯ್ಯಾಳು. ಯಾರ ಹೊಲಕ್ಕೆ ಎಷ್ಟು ಆಳು ಬಂದವು ಎಂಬುದು ಬಾಯಲ್ಲೇ ಇರುತ್ತದೆ, ತಪ್ಪುವುದಿಲ್ಲ. ಇಪ್ಪತ್ನಾಲ್ಕು ದಿನ ಒಬ್ಬಳು ಬಗ್ಗುವುದೂ ನಾಲ್ಕು ದಿನ ಆರು ಜನ ಬಗ್ಗುವುದೂ ಆ ಹೆಂಗಸರಿಗೆ ಒಂದೇ. ಕೋರ್ಟು ತಿಪ್ಪಮ್ಮನಿಗೆ ಒಂದು ಹೊಲ ತೋರಿಸಿದೆ, ಕಳೆ ತೆಗೆದುಕೊಟ್ಟರಾಯಿತು ಎಂದುಕೊಂಡಿದ್ದರು. ಮೋಸದ ನೆರಳೂ ಅವರ ತಲೆಯಲ್ಲಿರಲಿಲ್ಲ. ಇದ್ದಿದ್ದರೆ ನನಗೆ ಲೆಕ್ಕ ಒಪ್ಪಿಸುತ್ತಿದ್ದರೇ?

ಒಳಗೆ ಹೋದೆ. ವೈದ್ಯರು ಹೊಸದಾಗಿ ಬಂದಿದ್ದ ತರುಣ. ಹಾಜರಿ ಪುಸ್ತಕದಲ್ಲಿ ಇಪ್ಪತ್ನಾಲ್ಕು ಸಾಲಿಗೂ ಸಹಿ ಬಿದ್ದಿತ್ತು. ಪ್ರಮಾಣಪತ್ರ ಕೋರ್ಟಿಗೆ ಹೋಗಲು ಕವರಿನಲ್ಲಿ ಸಿದ್ಧವಾಗಿತ್ತು.

"ಆಕೆ ಮಾಡಿದ್ದು ನಾಲ್ಕು ದಿನ ಅಲ್ಲವೇ ಡಾಕ್ಟರೇ?"

"ಇಪ್ಪತ್ನಾಲ್ಕು ದಿನದ ಕೆಲಸ ಆಗಿದೆಯಲ್ಲ ಸಾರ್. ಹೊರಗೆ ನೋಡಿದ್ರಾ? ನಾನು ಬಂದಾಗಿಂದ ಈ ಆವರಣ ಹಿಂಗಿರಲಿಲ್ಲ."

"ಆದೇಶದಲ್ಲಿ ಆಕೆಯೇ ಮಾಡಬೇಕು ಅಂತಿಲ್ಲವೇ?"

ಅವರು ಆದೇಶದ ಪ್ರತಿ ತೆಗೆದು ಮತ್ತೆ ಓದಿದರು. ಕವರನ್ನು ಮೇಜಿನ ಮೇಲಿಂದ ಎತ್ತಿ ಡ್ರಾಯರಿಗೆ ಹಾಕಿದರು. "ಇದನ್ನ ಹಾಕ್ತೀರಾ ಸಾರ್?" ಅಂದರು. ಗೊತ್ತಿಲ್ಲ ಅಂದೆ.

ಗೊತ್ತಿಲ್ಲ ಎಂದದ್ದು ಪೂರ್ತಿ ನಿಜವಲ್ಲ. ಸ್ಕೂಟರ್ ಹತ್ತುವ ಮೊದಲೇ ತಲೆಬರಹ ಹೊಳೆದಿತ್ತು. ಒಬ್ಬಳ ಶಿಕ್ಷೆಯನ್ನು ಆರು ಜನ ಹಂಚಿಕೊಂಡ ಸುದ್ದಿ ನನ್ನ ಇಡೀ ಸೇವೆಯಲ್ಲಿ ಸಿಕ್ಕಿರಲಿಲ್ಲ. ಅದು ನಿಜವೂ ಆಗಿತ್ತು. ಆದರೆ ಅದು ಬೆಳಗ್ಗೆ ಅಚ್ಚಾದರೆ ಮಧ್ಯಾಹ್ನದೊಳಗೆ ಆದೇಶ ಉಲ್ಲಂಘನೆಯ ಮಾತು ಬರುತ್ತದೆ, ತಿಪ್ಪಮ್ಮ ಜೈಲಿಗೆ ಹೋಗಬಹುದು, ಮಗಳು ಹೆರುವ ಹೊತ್ತಿಗೆ ತಾಯಿ ಒಳಗಿರುತ್ತಾಳೆ. ಹಾಕದೇ ಬಿಟ್ಟರೆ ಒಂದು ಸುಳ್ಳು ಪ್ರಮಾಣಪತ್ರ ನನ್ನ ಕಣ್ಣೆದುರು ಕೋರ್ಟಿಗೆ ಹೋಗುತ್ತದೆ. ಮುಂದೆಂದೋ ಬೀಜದಂಗಡಿಯವರು ಇದನ್ನು ಎತ್ತಿದರೆ ಆಕೆಯ ಜತೆ ಆ ತರುಣ ವೈದ್ಯರೂ ಸಿಕ್ಕಿಕೊಳ್ಳುತ್ತಾರೆ.

ಮಾಡಲು ಗೊತ್ತಿದ್ದ ಕೆಲಸವನ್ನೇ ಮಾಡಿದೆ. ಸುಮಾ ಅವರಿಗೆ ಫೋನ್ ಮಾಡಿ, ಕಂಡದ್ದನ್ನು ಹೇಳಿ, ನಿಮ್ಮ ಪ್ರತಿಕ್ರಿಯೆ ಏನು ಎಂದು ಕೇಳಿದೆ.

"ಇದು ಯಾವಾಗ ಬರುತ್ತೆ ಸಾರ್?"

"ಎಲ್ಲರ ಮಾತು ಸಿಕ್ಕ ಮೇಲೆ."

"ನ್ಯಾಯಾಧೀಶರ ಮಾತು?"

"ಅವರು ಪತ್ರಿಕೆಗೆ ಮಾತಾಡಲ್ಲ. ಅವರ ಮಾತು ಆದೇಶದಲ್ಲೇ ಇರುತ್ತೆ."

"ಹಂಗಾದ್ರೆ ಇನ್ನೊಂದು ಆದೇಶ ಬರೋವರೆಗೂ ನಿಮಗೆ ಎಲ್ಲರ ಮಾತು ಸಿಕ್ಕಿಲ್ಲ ಅಂತಾಯ್ತು. ನಾಳೆ ಬೆಳಗ್ಗೆ ನಾನೇ ಆಕೆಯನ್ನ ಕರ್ಕೊಂಡು ಹೋಗಿ ಎಲ್ಲ ಹೇಳಿಸ್ತೀನಿ."

ಇದು ತರ್ಕವೋ ನೆಪವೋ ಎಂದು ಇಂದಿಗೂ ಬೇರೆ ಮಾಡಲಾರೆ. ಒಂದು ದಿನ ಕಾದೆ. ಹೊಸಬರು ಕೇಳಿದರೆ, ಕಾಯಿರಿ ಎಂದೇ ಹೇಳುತ್ತೇನೆ.

ಮರುದಿನ ಜಗಳೂರಿನ ಕೋರ್ಟಿಗೆ ತಿಪ್ಪಮ್ಮ ಒಬ್ಬಳೇ ಬರಲಿಲ್ಲ. ಆರೂ ಜನ ಬಂದರು. ಸುಮಾ ಅವರು ನಡೆದದ್ದನ್ನೆಲ್ಲ ತಾವಾಗಿ ತಿಳಿಸಿದರು. ಸರ್ಕಾರಿ ವಕೀಲರು ಎದ್ದು, ಷರತ್ತು ಮುರಿದಿದೆ, ಸೆರೆವಾಸ ಜಾರಿ ಮಾಡಬೇಕು ಎಂದರು. ಅವರು ಹೇಳಬೇಕಾದದ್ದು ಅದೇ. ತಿಪ್ಪಮ್ಮ ಕಟಕಟೆಯ ಮರವನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು.

"ನಿನ್ನ ಬದಲು ಬೇರೆಯವರು ಯಾಕೆ ಕೆಲಸ ಮಾಡಿದ್ರಮ್ಮ?" ನ್ಯಾಯಾಧೀಶರು ಕೇಳಿದರು.

"ಬದ್ಲಿ ಅಲ್ಲ ಸಾಮಿ, ಜತೀಗೆ. ನಾನೂ ಬಗ್ಗೀನಿ."

"ಶಿಕ್ಷೆ ಕೊಟ್ಟಿದ್ದು ನಿನಗೆ."

"ಹೌದು ಸಾಮಿ. ಹೊಲ ನಂದೇ ಆದ್ರೂ ಕಳೆ ಎಲ್ಲಾರೂ ತೆಗೀತಾರಲ್ಲ."

ನ್ಯಾಯಾಧೀಶರು ಪೆನ್ನು ಕೆಳಗಿಟ್ಟರು. "ಅಷ್ಟು ಅವಸರ ಏನಿತ್ತು?"

"ಮಗಳು ಇವತ್ತೋ ನಾಳೆಯೋ ಅನ್ನಂಗವ್ಳೆ. ಅವತ್ತು ಕಸ ಹೊಡ್ಯಾಕೆ ಹೋದ್ರೆ ಅವಳ್ನ ಯಾರು ನೋಡ್ಬೇಕು? ಹೋಗ್ದಿದ್ರೆ ಜೈಲು ಅಂದ್ರಿ. ಅದಕೆ ಬ್ಯಾಗ ಮುಗ್ಸಾನ ಅಂತ."

ನಾನು ಬರೆಯುವುದನ್ನು ನಿಲ್ಲಿಸಿದ್ದೆ. ನ್ಯಾಯಾಧೀಶರು ಆದೇಶವನ್ನು ನಿಧಾನವಾಗಿ, ಆಕೆಗೆ ಅರ್ಥವಾಗುವಂತೆ ಮೊದಲು ಮಾತಿನಲ್ಲಿ ಹೇಳಿದರು. ಮುಚ್ಚಿಟ್ಟು ಮಾಡಿದ್ದಲ್ಲ, ತಾನಾಗಿ ಬಂದು ಹೇಳಿದ್ದಾಳೆ, ಆದ್ದರಿಂದ ಜೈಲು ಬೇಡ. ಆಕೆ ಸ್ವತಃ ದುಡಿದ ನಾಲ್ಕು ದಿನ ಮಾತ್ರ ಲೆಕ್ಕಕ್ಕೆ. ಉಳಿದ ಇಪ್ಪತ್ತು ದಿನ ಆಕೆಯೇ ಮಾಡಬೇಕು, ಮತ್ತೊಬ್ಬರು ಪೊರಕೆ ಮುಟ್ಟುವ ಹಾಗಿಲ್ಲ. ಬೇಕಾದರೆ ಭಾನುವಾರವೂ ಮಾಡಬಹುದು. ನಡುವೆ ಮಗಳಿಗೆ ಹೆರಿಗೆಯಾದರೆ ವೈದ್ಯರು ಬರೆದು ತಿಳಿಸಲಿ, ಗಡುವು ಮುಂದೆ ಹಾಕಲಾಗುವುದು. "ಇನ್ನೊಂದು ಸಲ ಹೀಗಾದ್ರೆ ಜೈಲೇ. ತಿಳೀತಾ?"

"ತಿಳೀತು ಸಾಮಿ."

ಹಿಂದಿನ ಬೆಂಚಿನಿಂದ ಬಸಕ್ಕ ಎದ್ದು ನಿಂತಳು. "ಹಂಗಾರೆ ನಾವು ಮಾಡಿದ ಇಪ್ಪತ್ತಾಳು ಏನಾತು ಸಾಮಿ?"

"ಏಯ್, ಕೂತ್ಕಳಮ್ಮ" ಎಂದು ಜವಾನ ಗದರಿದ.

ನ್ಯಾಯಾಧೀಶರು, "ಅದು ಆಸ್ಪತ್ರೆಗೆ ದಾನ ಅಂದ್ಕೊಳ್ಳಮ್ಮ" ಅಂದರು.

"ದಾನ ಕೊಡಾಕೆ ಯಾರು ಬಂದಿದ್ರು!" ಎಂದು ಬಸಕ್ಕ ಪಕ್ಕದವಳಿಗೆ ಹೇಳಿದ್ದು ಇಡೀ ಕೋರ್ಟಿಗೆ ಕೇಳಿಸಿತು. ಸರ್ಕಾರಿ ವಕೀಲರೂ ನಕ್ಕರು.

ಹೊರಗೆ ಜಗಳ ಶುರುವಾಯಿತು. ಕೋರ್ಟು ಒಪ್ಪದ ಮೇಲೆ ಅದು ಮುಯ್ಯಾಳೇ ಅಲ್ಲ ಎಂದು ಒಬ್ಬಳು. ನಾವು ಸೊಂಟ ಬಗ್ಗಿಸಿದ್ದು ಸುಳ್ಳಾ ಎಂದು ಇನ್ನೊಬ್ಬಳು. ತಿಪ್ಪಮ್ಮ, "ಕೊಡ್ತೀನಿ ಕಣ್ರೇ, ಇಪ್ಪತ್ತೂ ಕೊಡ್ತೀನಿ, ಮಗಳ ಬಾಣಂತನ ಆಗ್ಲಿ" ಎಂದಳು. ಸುಮಾ ಅವರು ನಡುವೆ ಬಂದರು.

"ಈಗ ಇವಳು ದಿನಾ ಆಸ್ಪತ್ರೆಗೆ ಹೋದ್ರೆ ಇವಳ ಈರುಳ್ಳಿ ಹೊಲದ ಕಳೆ ಯಾರು ತೆಗೀತಾರೆ? ನಿಮ್ಮ ಮುಯ್ಯಿ ಅಲ್ಲಿ ಹಾಕ್ರಿ. ಅದಕ್ಕೆ ಕೋರ್ಟು ಬೇಡ ಅನ್ನಲ್ಲ."

ಬಸಕ್ಕ ಅವರನ್ನು ಮೇಲಿಂದ ಕೆಳಗೆ ನೋಡಿದಳು. "ಇದನ್ನ ಮೊದ್ಲೇ ಹೇಳಾಕೆ ಏನಾಗಿತ್ತವ್ವ ನಿಂಗೆ?"

ಆ ಪ್ರಶ್ನೆ ನ್ಯಾಯವಾದದ್ದೇ.

ಅಂದು ಸಂಜೆ ಸುದ್ದಿ ಕಳಿಸಿದೆ. ಡೆಸ್ಕಿನಿಂದ ಹೊಸ ಹುಡುಗಿಯೊಬ್ಬಳು ಫೋನ್ ಮಾಡಿದಳು.

"ಸಾರ್, ಇದು ಸಖತ್ ಓಡುತ್ತೆ. ಫೋಟೋ ಕಳಿಸಿ."

"ಇಲ್ಲಮ್ಮ."

"ವಿಡಿಯೋ?"

"ಇಲ್ಲ."

"ಹೆಸರೂ ಹಾಕಿಲ್ಲ ನೀವು."

"ಹಾಕಲ್ಲ."

"ಮತ್ತೇನಿದೆ ಸಾರ್ ಇದರಲ್ಲಿ?"

"ಸುದ್ದಿ ಇದೆ."

ಒಳಪುಟದಲ್ಲಿ ಚಿಕ್ಕದಾಗಿ ಬಂತು. ನನಗೆ ಅದೇ ಬೇಕಿತ್ತು.

ಆ ಇಪ್ಪತ್ತು ದಿನಗಳಲ್ಲಿ ನಾನು ಐದಾರು ಸಲ ಅಲ್ಲಿಗೆ ಹೋದೆ. ಪಾರ್ಥೇನಿಯಂ ಮುಗಿದಿದ್ದರಿಂದ ತಿಪ್ಪಮ್ಮನಿಗೆ ಒಳಗಿನ ಪಡಸಾಲೆ ಗುಡಿಸಿ ಒರೆಸುವ ಕೆಲಸ ಬಿತ್ತು. ಭಾನುವಾರ ಒಂದೂ ಬಿಡಲಿಲ್ಲ. ಒಂದು ದಿನ ಬೀಜದಂಗಡಿಯ ಮಾಲೀಕರು ಇಂಜೆಕ್ಷನ್‌ಗೆ ಬಂದು ಬೆಂಚಿನ ಮೇಲೆ ಕೂತಿದ್ದರು. ತಿಪ್ಪಮ್ಮ ಗುಡಿಸುತ್ತ ಅವರ ತನಕ ಬಂದಳು.

"ಕಾಲೆತ್ರಿ ಸಾವ್ಕಾರ್ರೆ."

ಅವರು ಎತ್ತಿದರು. ಆಕೆ ಗುಡಿಸಿ ಮುಂದೆ ಹೋದಳು. ಅವರು ನನ್ನ ಕಡೆ ತಿರುಗಿ ದನಿ ತಗ್ಗಿಸಿ ಹೇಳಿದರು: "ಸಿಟ್ಟಲ್ಲಿ ಕೇಸ್ ಕೊಟ್ಟೆ. ಆಯಮ್ಮ ಜೈಲಿಗೆ ಹೋಗಿದ್ರೆ ಆ ಊರ್ನೋರು ಒಬ್ರೂ ನನ್ನ ಅಂಗಡಿ ಮೆಟ್ಲು ಹತ್ತುತಿರಲಿಲ್ಲ. ಒಳ್ಳೇದೇ ಆತು ಬಿಡ್ರಿ." ಬದಲಿ ಬೀಜದ ಮಾತು ಅವರು ಎತ್ತಲಿಲ್ಲ. ನಾನು ಕೇಳಿದೆ. ಇಂಜೆಕ್ಷನ್‌ಗೆ ಕರೆದರೆಂದು ಎದ್ದು ಹೋದರು.

ಹನ್ನೆರಡು ದಿನ ಉಳಿದಿದ್ದಾಗ ತಿಪ್ಪಮ್ಮ ಮಗಳನ್ನೂ ಜತೆಯಲ್ಲೇ ಕರೆತರಲು ಶುರುಮಾಡಿದಳು. ಹುಡುಗಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಪಡಸಾಲೆಯ ಬೆಂಚಿನಲ್ಲಿ ಕೂರುತ್ತಿದ್ದಳು, ತಾಯಿ ಸುತ್ತ ಗುಡಿಸುತ್ತಿದ್ದಳು. "ಮನೇಲಿ ಒಬ್ಳೇ ಕೂತು ಏನ್ ಮಾಡ್ತಾಳೆ? ನೋವು ಬಂದ್ರೆ ಇಲ್ಲೇ ಐತಲ್ಲ ಆಸ್ಪತ್ರೆ." ಪಕ್ಕದಲ್ಲಿ ಹಾದುಹೋಗುವಾಗಲೆಲ್ಲ ನರ್ಸಮ್ಮ ಹುಡುಗಿಯ ಬಿಪಿ ನೋಡುತ್ತಿದ್ದರು. ಎರಡು ಸಲ ಸುಳ್ಳು ನೋವು ಬಂತು. ಎರಡನೆಯ ಸಲ ತಿಪ್ಪಮ್ಮ ಮಗಳ ಕೈ ಹಿಡಿದು ಕೂತವಳು, ನೋವು ನಿಂತ ಮೇಲೆ ಎದ್ದು, ಉಳಿದಿದ್ದ ಅರ್ಧ ಪಡಸಾಲೆಯನ್ನು ಒರೆಸಿ ಮುಗಿಸಿದ್ದನ್ನು ನೋಡಿದೆ. ಇನ್ನು ಮೂರು ದಿನ ಇತ್ತು.

ಸಮುದಾಯ ಸೇವೆ ಜೈಲಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆಯೇ ಎಂದು ಜನ ನನ್ನನ್ನು ಕೇಳುತ್ತಾರೆ. ನಾನು ನೋಡಿದ್ದು ಬೆರಳೆಣಿಕೆಯ ಪ್ರಕರಣಗಳು. ಹೊನ್ನಾಳಿಯಲ್ಲಿ ಅದು ಕೆಟ್ಟದ್ದು ಹೇಗೆಂದು ಬಲ್ಲೆ, ಕೆಡಿಸಿದವನು ನಾನೇ ಆದ್ದರಿಂದ. ತಿಪ್ಪಮ್ಮನ ವಿಷಯದಲ್ಲೂ ಅದು ಕೂದಲೆಳೆಯಲ್ಲಿ ಉಳಿಯಿತು. ಯಾರು ಮಾಡಬೇಕು, ಯಾಕೆ ಅವರೇ ಮಾಡಬೇಕು ಎಂದು ಆಕೆಯ ಮಾತಿನಲ್ಲಿ ಆಕೆಗೆ ಹೇಳುವವರು ಮೊದಲ ದಿನ ಇರಲಿಲ್ಲ. ನಾನೂ ಬೆಂಚಿನ ಮೇಲೆ ಕೂತೇ ಇದ್ದೆ. ಸೈಕಲ್ ರಿಪೇರಿಯವನಿಗೆ ಇಂಥದೊಂದು ಸಿಕ್ಕಿದ್ದರೆ ಅವನ ಅಂಗಡಿ ಉಳಿಯುತ್ತಿತ್ತೋ ಏನೋ. ಅಷ್ಟು ಮಾತ್ರ ಹೇಳಬಲ್ಲೆ.

ಇಪ್ಪತ್ನಾಲ್ಕನೆಯ ದಿನ ಕಳೆದು ಮರುದಿನ ಬೆಳಗ್ಗೆ, ಮುಕ್ತಾಯದ ದಿನಾಂಕ ನೋಡಿ ಬರೆದುಕೊಳ್ಳಲು ಆಸ್ಪತ್ರೆಗೆ ಹೋದೆ. ಹಾಜರಿ ಪುಸ್ತಕದ ಹೊಸ ಪುಟದಲ್ಲಿ ಇಪ್ಪತ್ನಾಲ್ಕು ದಿನಕ್ಕೂ ಒಂದೇ ಹೆಬ್ಬೆಟ್ಟು, ಪಕ್ಕದಲ್ಲಿ ವೈದ್ಯರ ಸಹಿ. ಹೊಸ ಪ್ರಮಾಣಪತ್ರ ಹಿಂದಿನ ಸಂಜೆಯೇ ಕೋರ್ಟಿಗೆ ಹೋಗಿತ್ತು. ಬರೆದುಕೊಳ್ಳುತ್ತಿದ್ದಂತೆ ಬಾಗಿಲಿಗೆ ಆಟೋ ಬಂದು ನಿಂತಿತು. ತಿಪ್ಪಮ್ಮ ಇಳಿದಳು. ಆಸ್ಪತ್ರೆಯ ಜವಾನ ಮಂಜಣ್ಣ ಅಭ್ಯಾಸಬಲದಿಂದ ಮೂಲೆಗೆ ಕೈ ತೋರಿಸಿದ.

"ಪೊರಕೆ ಅಲ್ಲೈತೆ ತಿಪ್ಪಮ್ಮ."

"ಏ, ಇವತ್ತು ನಾನು ಪೇಷಂಟ್ ಕಡೇರು ಕಣೋ! ಗಾಲಿ ಕುರ್ಚಿ ತಗಂಬಾ ಹೋಗು!"

ಅವನು ಓಡಿದ. ಆಟೋದೊಳಗೆ ಮಗಳು ಹಲ್ಲು ಕಚ್ಚಿ ಕೂತಿದ್ದಳು. ತಿಪ್ಪಮ್ಮ ನನ್ನನ್ನು ನೋಡಿದಳು. "ನೀವ್ಯಾಕ್ ಸುಮ್ನೆ ನಿಂತೀರಿ ಸಾಮಿ? ಬಾಗ್ಲು ಹಿಡ್ಕಳ್ರಿ." ಪುಸ್ತಕ ಜೇಬಿಗೆ ಹಾಕಿ ಬಾಗಿಲು ಹಿಡಿದುಕೊಂಡೆ.

ಅಲ್ಲಿ ನನಗೆ ಬೇರೆ ಕೆಲಸವಿರಲಿಲ್ಲ. ಆದರೂ ಕೂತೆ. ಮಧ್ಯಾಹ್ನಕ್ಕೆ ಮೊದಲೇ ಒಳಗಿನಿಂದ ಮಗುವಿನ ಅಳು ಕೇಳಿತು. ನರ್ಸಮ್ಮ ಬಂದು, ಹೆಣ್ಣು, ಇಬ್ಬರೂ ಚೆನ್ನಾಗಿದ್ದಾರೆ ಅಂದರು. ಸ್ವಲ್ಪ ಹೊತ್ತಿಗೆ ತಿಪ್ಪಮ್ಮ ಹೊರಬಂದಳು. ಸೆರಗಿನಿಂದ ಮುಖ ಒರೆಸಿಕೊಂಡು, ನಗುವುದೋ ಅಳುವುದೋ ಎಂಬಂತೆ ನಿಂತವಳು, ಪಡಸಾಲೆಯ ಉದ್ದಕ್ಕೂ ಕಣ್ಣು ಹಾಯಿಸಿದಳು. ಬೆಂಚಿನ ಕೆಳಗೆ ಹತ್ತಿಯ ಉಂಡೆ, ಟೀ ಲೋಟ, ಬಾಳೆಹಣ್ಣಿನ ಸಿಪ್ಪೆ ಬಿದ್ದಿದ್ದವು.

"ಯಾರ್ರೀ ಇಲ್ಲಿ ಕಸ ಹಾಕ್ದೋರು? ಒಂದಿನ ಬಿಟ್ಟಿದ್ಕೆ ಹಿಂಗಾ?"

ಅಲ್ಲಿ ಕೂತಿದ್ದವರೆಲ್ಲ ತಂತಮ್ಮ ಕಾಲ ಕೆಳಗೆ ನೋಡಿಕೊಂಡರು. ನಾನೂ ನೋಡಿಕೊಂಡೆ.